ಒಂದೇ ದಿನದಲ್ಲಿ ಉಡುಪಿಯ ವಿಟ್ಲಪಿಂಡಿ ನೋಡಿ ಬರುವುದು ಹೇಗೆ

ವಿಟ್ಲಪಿಂಡಿ ಅಂದರೆ ಉಡುಪಿಯಲ್ಲಿ ಕೃಷ್ಣ ಜನ್ಮಾಷ್ಟಮಿಯ ಮರುದಿನ ನಡೆಯುವ ಮೊಸರು ಕುಡಿಕೆಯ ಉತ್ಸವ. ಮೊದಲು ದಿನಾಂಕ ಸರಿಯಾಗಿ ನೋಡಿಕೊಳ್ಳಿ. ಗೋಡೆಯ ಕ್ಯಾಲೆಂಡರಿನಲ್ಲಿ ಕೃಷ್ಣ ಜನ್ಮಾಷ್ಟಮಿ ಅಂತ ಕೆಂಪು ಅಕ್ಷರದಲ್ಲಿ ಇರುವ ದಿನವೇ ಉಡುಪಿಯಲ್ಲೂ ಹಬ್ಬ ಅಂದುಕೊಂಡು ಹೊರಡಬೇಡಿ. ಕೃಷ್ಣಮಠದಲ್ಲಿ ಸೌರಮಾನದ ಲೆಕ್ಕ. ಸಿಂಹ ಮಾಸದಲ್ಲಿ ಅಷ್ಟಮಿ, ರೋಹಿಣಿ ನೋಡಿ ಆಚರಿಸುತ್ತಾರೆ. ಕೆಲವು ವರ್ಷ ಕ್ಯಾಲೆಂಡರಿನ ದಿನ, ಮಠದ ದಿನ ಎರಡೂ ಒಟ್ಟಿಗೆ ಬರುತ್ತವೆ, ಕೆಲವು ವರ್ಷ ತಿಂಗಳ ಅಂತರ ಬೀಳುತ್ತದೆ. 2025ರಲ್ಲಿ ಬೇರೆ ಕಡೆ ಆಗಸ್ಟ್ 16ಕ್ಕೆ ಅಷ್ಟಮಿ ಮುಗಿದಿತ್ತು, ಉಡುಪಿಯಲ್ಲಿ ಸೆಪ್ಟೆಂಬರ್ 14ಕ್ಕೆ ಅಷ್ಟಮಿ, 15ಕ್ಕೆ ವಿಟ್ಲಪಿಂಡಿ. ಹಾಗಾಗಿ ಮಠದವರು ಪ್ರಕಟಿಸುವ ದಿನಾಂಕ ನೋಡಿಯೇ ರಜೆ ಹಾಕಿ.

ಇರುವುದು ಒಂದೇ ದಿನವಾದರೆ ಯಾವ ದಿನ ಹೋಗಬೇಕು? ನನ್ನ ಮಟ್ಟಿಗೆ ವಿಟ್ಲಪಿಂಡಿಯ ದಿನವೇ. ಅಷ್ಟಮಿಯ ದಿನ ಉಪವಾಸ, ನಡುರಾತ್ರಿ ಚಂದ್ರೋದಯದ ಹೊತ್ತಿಗೆ ಅರ್ಘ್ಯ ಪ್ರದಾನ. ಅದು ಭಕ್ತಿಯಿಂದ ರಾತ್ರಿಯಿಡೀ ಅಲ್ಲೇ ಇರುವವರಿಗೆ. ಮರುದಿನದ ವಿಟ್ಲಪಿಂಡಿಯಲ್ಲಿ ಇಡೀ ಊರೇ ಬೀದಿಗೆ ಬರುತ್ತದೆ. ಮಕ್ಕಳು, ಅಜ್ಜ ಅಜ್ಜಿ ಎಲ್ಲರಿಗೂ ಅದರಲ್ಲಿ ಪಾಲಿದೆ.

ಮಂಗಳೂರಿನಿಂದ ಹೊರಡುವವರಿಗೆ ಸುಲಭ. ಸುಮಾರು 60 ಕಿಲೋಮೀಟರ್ ದಾರಿ, ಸ್ಟೇಟ್ ಬ್ಯಾಂಕ್ ಬಳಿಯ ಬಸ್ ನಿಲ್ದಾಣದಿಂದ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಇರುತ್ತವೆ. ಬೆಳಗ್ಗೆ ಏಳರ ಒಳಗೆ ಬಸ್ ಹತ್ತಿಬಿಡಿ. ಬೆಂಗಳೂರಿನವರು ಹಿಂದಿನ ರಾತ್ರಿ ಬಸ್ಸಿಗೋ ರೈಲಿಗೋ ಹೊರಟು, ಅಂದು ರಾತ್ರಿಯೇ ವಾಪಸ್ ಹೊರಡಬಹುದು. ರೈಲು ನಿಲ್ದಾಣ ಇಂದ್ರಾಳಿಯಲ್ಲಿದೆ, ಅಲ್ಲಿಂದ ಪೇಟೆಗೆ ಆಟೋ ಹಿಡಿಯಬೇಕು. ಕಾರು ತರಲೇಬೇಕಾದರೆ ಮಠದ ಹತ್ತಿರ ತರುವ ಆಸೆ ಬಿಡಿ, ದೂರದಲ್ಲೇ ನಿಲ್ಲಿಸಿ ನಡೆಯಿರಿ. ಉಡುಪಿ ಬಸ್ ನಿಲ್ದಾಣದಿಂದ ಮಠದ ಎದುರಿನ ರಥಬೀದಿಗೆ ಹತ್ತು ಹದಿನೈದು ನಿಮಿಷದ ನಡಿಗೆ ಅಷ್ಟೇ.

ಇಳಿದ ಕೂಡಲೇ ದರ್ಶನ ಮುಗಿಸಿಕೊಳ್ಳಿ, ಮಧ್ಯಾಹ್ನದ ಮೇಲೆ ಸಾಲು ನೋಡಿಯೇ ಸುಸ್ತಾಗುತ್ತದೆ. ಗಂಡಸರು ಒಳಗೆ ಹೋಗುವಾಗ ಅಂಗಿ, ಬನಿಯನ್ ತೆಗೆಯಬೇಕಾಗುತ್ತದೆ. ಪಂಚೆ, ಶಲ್ಯ ಇದ್ದರೆ ಅನುಕೂಲ. ಒಳಗೆ ಕೃಷ್ಣನನ್ನು ನೋಡುವುದು ನವಗ್ರಹ ಕಿಂಡಿಯಿಂದ. ಒಂಬತ್ತು ತೂತುಗಳ ಈ ಕಿಂಡಿಯ ಮುಂದೆ ನಿಲ್ಲಲು ಸಿಗುವುದು ಕೆಲವೇ ಕ್ಷಣ, ಆದ್ದರಿಂದ ಮೊದಲೇ ಮನಸ್ಸು ಅಲ್ಲಿಡಿ. ಹೊರಗೆ ಬಂದ ಮೇಲೆ ಕನಕನ ಕಿಂಡಿಯ ಎದುರು ಸ್ವಲ್ಪ ಹೊತ್ತು ನಿಲ್ಲಿ. ರಥಬೀದಿಯಲ್ಲೇ ಇರುವ ಅನಂತೇಶ್ವರ, ಚಂದ್ರಮೌಳೀಶ್ವರ ದೇವಸ್ಥಾನಗಳನ್ನೂ ನೋಡಿ. ಇಲ್ಲಿಯವರ ರೂಢಿಯಲ್ಲಿ ಮೊದಲು ಇವೆರಡು, ಆಮೇಲೆ ಕೃಷ್ಣ, ಹಾಗೇ ಮಾಡಬೇಕೆಂದರೆ ಇವೆರಡನ್ನು ನೋಡಿಯೇ ಮಠದ ಸಾಲಿಗೆ ನಿಲ್ಲಿ.

ನಂತರ ಹುಲಿವೇಷ. ಇದಕ್ಕೆ ಸಮಯ ಜಾಸ್ತಿ ಇಟ್ಟುಕೊಳ್ಳಿ. ತಂಡಗಳು ಅಂಗಡಿ ಅಂಗಡಿಗೆ, ಮನೆ ಮನೆಗೆ ಹೋಗಿ ಕುಣಿಯುತ್ತವೆ, ಹಾಗಾಗಿ ಒಂದೇ ಕಡೆ ಕಾಯುವುದಕ್ಕಿಂತ ತೆಂಕಪೇಟೆ, ಬಡಗುಪೇಟೆ ಕಡೆ ಸುಮ್ನೆ ಸುತ್ತಾಡಿ, ತಾಸೆ ವಾದ್ಯದ ಸದ್ದು ಎಲ್ಲಿಂದ ಬರುತ್ತದೋ ಆ ಕಡೆ ಹೋಗಿ. ಮೈಗೆಲ್ಲ ಬಣ್ಣ ಬಳಿದುಕೊಂಡು, ಭಾರದ ಹುಲಿ ತಲೆ ತೊಟ್ಟು, ಸೆಕೆಯಲ್ಲಿ ಇಡೀ ದಿನ ಕುಣಿಯುವುದು ಸಣ್ಣ ಮಾತಲ್ಲ. ಹಿಂದಕ್ಕೆ ಬಾಗಿ ನೆಲದ ಮೇಲಿನ ನೋಟನ್ನು ಬಾಯಿಂದ ಎತ್ತುವವರಿದ್ದಾರೆ, ಅಕ್ಕಿ ಮುಡಿಯನ್ನು (ಹುಲ್ಲಿನಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಿನಲ್ಲಿ ಕಚ್ಚಿ ಹಿಂದಕ್ಕೆ ಎಸೆಯುವವರೂ ಇದ್ದಾರೆ. ವಿಡಿಯೋ ಮಾತ್ರ ಮಾಡಿಕೊಂಡು ಜಾರಿಕೊಳ್ಳಬೇಡಿ, ದಯವಿಟ್ಟು. ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಕೊಡಿ. ಬೇರೆ ಬೇರೆ ವೇಷ ಹಾಕಿ, ಕಾಯಿಲೆಯ ಮಕ್ಕಳ ಚಿಕಿತ್ಸೆಗೆ ಹಣ ಒಟ್ಟು ಮಾಡುವವರೂ ಈ ದಿನಗಳಲ್ಲಿ ಸಿಗುತ್ತಾರೆ. ಅವರ ಡಬ್ಬಿಗೂ ಹಾಕಿ.

ಊಟಕ್ಕೆ ಮಠದ ಅನ್ನಪ್ರಸಾದ ಇದೆ. ಸಾಲು ತುಂಬಾ ಉದ್ದ ಇದ್ದರೆ ಹೋಟೆಲಿನಲ್ಲಿ ಬನ್ಸ್, ಗೋಳಿಬಜೆ ತಿಂದು ಹೊಟ್ಟೆ ತುಂಬಿಸಿಕೊಳ್ಳಿ, ಅದೂ ಉಡುಪಿಯದೇ ರುಚಿ ಅಲ್ವಾ.

ಮೆರವಣಿಗೆ ಸಾಮಾನ್ಯವಾಗಿ ಮಧ್ಯಾಹ್ನ ಮೂರರ ಸುಮಾರಿಗೆ ಶುರು. ನೀವು ಒಂದೂವರೆಗೆಲ್ಲ ಜಾಗ ಹಿಡಿದಿರಬೇಕು. ರಥಬೀದಿಯುದ್ದಕ್ಕೂ ಗುರ್ಜಿ ಅನ್ನುವ ಮರದ ಚೌಕಟ್ಟುಗಳನ್ನು ನಿಲ್ಲಿಸಿ ಮಡಕೆಗಳನ್ನು ಕಟ್ಟಿರುತ್ತಾರೆ. ಮುಂಬೈಯ ಹಾಗೆ ಒಬ್ಬರ ಮೇಲೊಬ್ಬರು ಹತ್ತುವ ಗೋಪುರ ಇಲ್ಲಿಲ್ಲ. ಗೊಲ್ಲರ ವೇಷದವರು ಕೋಲಿನಿಂದ ಹೊಡೆದು ಒಡೆಯುತ್ತಾರೆ, ಒಳಗಿನ ಮೊಸರು, ಬಣ್ಣದ ನೀರು ಕೆಳಗಿದ್ದವರ ತಲೆ ಮೇಲೆ. ನೆನೆಯಲು ಇಷ್ಟ ಇದ್ದರೆ ಗುರ್ಜಿಯ ಹತ್ತಿರ ನಿಲ್ಲಿ. ಪುಟ್ಟ ಮಕ್ಕಳಿದ್ದರೆ, ವಯಸ್ಸಾದವರಿದ್ದರೆ ಅಲ್ಲಿ ಬೇಡವೇ ಬೇಡ, ಗುರ್ಜಿಗಳಿಂದ ದೂರ, ಬೀದಿಯ ಅಂಚಿನಲ್ಲಿ ಗೋಡೆಗೆ ಒರಗಿ ನಿಲ್ಲಿ. ಮಗುವಿನ ಜೇಬಿನಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ.

ಚಿನ್ನದ ರಥದಲ್ಲಿ ಬರುವುದು ಕೃಷ್ಣನ ಮಣ್ಣಿನ ಮೂರ್ತಿ. ಜೊತೆಗೆ ಇನ್ನೊಂದು ರಥದಲ್ಲಿ ಅನಂತೇಶ್ವರ, ಚಂದ್ರಮೌಳೀಶ್ವರ. ಉಂಡೆ, ಚಕ್ಕುಲಿ ಪ್ರಸಾದವನ್ನು ಸ್ವಾಮೀಜಿಗಳು ಜನರ ಕಡೆ ಎಸೆಯುವಾಗ ಹಿಡಿಯಲು ಕೈಗಳು ಮೇಲೇಳುವುದನ್ನು ನೋಡಬೇಕು. ಸಿಗದಿದ್ದರೆ ನೂಕಬೇಡಿ, ಸಿಕ್ಕವರು ಪಕ್ಕದವರಿಗೆ ಮುರಿದು ಕೊಡುತ್ತಾರೆ. ಮೆರವಣಿಗೆ ಒಂದು ಸುತ್ತು ಬಂದ ಮೇಲೆ ಮಣ್ಣಿನ ಮೂರ್ತಿಯನ್ನು ಮಧ್ವ ಸರೋವರದಲ್ಲಿ ವಿಸರ್ಜಿಸುತ್ತಾರೆ.

ಉಡುಪಿಯಲ್ಲಿ ಅದು ಮಳೆಗಾಲ. ಕೊಡೆ ಬಿಡಿಸಿದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ, ರೇನ್‌ಕೋಟ್ ತನ್ನಿ. ಫೋನಿಗೆ ಪ್ಲಾಸ್ಟಿಕ್ ಕವರ್, ಒಂದು ಜೊತೆ ಒಣ ಬಟ್ಟೆ, ಚಿಕ್ಕ ಟವೆಲ್ ಇರಲಿ. ಬೀದಿ ಮೊಸರು, ನೀರಿನಿಂದ ಜಾರುತ್ತದೆ, ನುಣುಪು ಅಟ್ಟೆಯ ಚಪ್ಪಲಿ ಬೇಡ.

ವಿಸರ್ಜನೆ ಮುಗಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಆ ನೂಕುನುಗ್ಗಲಿಗೆ ಸಿಗುವ ಬದಲು ಅರ್ಧ ಗಂಟೆ ಎಲ್ಲಾದರೂ ಕೂತು ಕಾಫಿ ಕುಡಿದು ಬಸ್ ನಿಲ್ದಾಣಕ್ಕೆ ನಡೆಯಿರಿ. ಮಂಗಳೂರಿನ ಬಸ್ಸಿಗೆ ದಾರಿಯಲ್ಲಿ ಕೈ ಅಡ್ಡ ಹಾಕುವುದಕ್ಕಿಂತ ನಿಲ್ದಾಣದಲ್ಲೇ ಹತ್ತುವುದು ಒಳ್ಳೆಯದು, ಕೂರಲು ಸೀಟಾದರೂ ಸಿಗುತ್ತದೆ.