ಬಾಗಿಲ ಹಿಂದಿನ ಕೈಚೀಲ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ಪೇಷಂಟ್ ಪೋರ್ಟಲ್ ಬಗ್ಗೆ

ಬಾಗಲಕೋಟೆಯ ನಮ್ಮ ಮನೆಯಲ್ಲಿ ಒಳಕೋಣೆಯ ಬಾಗಿಲ ಹಿಂದೆ ಒಂದು ಮೊಳೆ ಇದೆ. ಅದಕ್ಕೆ ಬಟ್ಟೆ ಅಂಗಡಿಯ ಕೈಚೀಲ ತೂಗುಹಾಕಿರುತ್ತದೆ. ಎಕ್ಸ್‌ರೇ, ರಕ್ತದ ರಿಪೋರ್ಟು, ಅಪ್ಪನ ಇಸಿಜಿ, ನಮ್ಮ ಲಸಿಕೆ ಕಾರ್ಡು ಎಲ್ಲ ಅದರಲ್ಲೇ. ಹಳೇ ಊರು ಮುಳುಗಡೆಯಾಗಿ ನವನಗರಕ್ಕೆ ಸಾಮಾನು ಸಾಗಿಸುವಾಗ ಅವ್ವ ಆ ಚೀಲವನ್ನು ಲಾರಿಗೆ ಹಾಕಲು ಬಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು. ವಿಜಯಪುರದವರಿರಲಿ, ಬೆಳಗಾವಿಯವರಿರಲಿ, ನಿಮ್ಮ ಮನೆಯಲ್ಲೂ ಇಂಥದ್ದೊಂದು ಚೀಲ ಇದ್ದೇ ಇರುತ್ತದೆ, ಅಲ್ವಾ?

ಇಲ್ಲಿ ಆ ಚೀಲದ ಜಾಗದಲ್ಲಿ ಪೇಷಂಟ್ ಪೋರ್ಟಲ್ ಇದೆ. ಫೋನಿನಲ್ಲಿ ತೆರೆದರೆ ನಿಮ್ಮ ರಿಪೋರ್ಟು, ಗುಳಿಗೆಗಳ ಪಟ್ಟಿ, ಲಸಿಕೆ, ಡಾಕ್ಟರ್ ಬರೆದ ಟಿಪ್ಪಣಿ ಎಲ್ಲ ಕಾಣುತ್ತದೆ. ದೊಡ್ಡ ಆಸ್ಪತ್ರೆಗಳಲ್ಲಿ ಬಹಳ ಕಡೆ ಎಪಿಕ್ ಕಂಪನಿಯ ಮೈಚಾರ್ಟ್ ಇರುತ್ತದೆ, ಬೇರೆ ಹೆಸರಿನವೂ ಇವೆ. ಆಸ್ಪತ್ರೆ ಕೊಡುವ ಕೋಡ್ ಹಾಕಿ ಖಾತೆ ತೆರೆಯಿರಿ, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಹೆಸರು ಕೊಡಿ, ಹುಟ್ಟಿದ ದಿನಾಂಕ ಬರೆಯುವಾಗ ಇಲ್ಲಿ ತಿಂಗಳು ಮೊದಲು ಬರುತ್ತದೆ ಎಂಬುದು ನೆನಪಿರಲಿ. ಇಷ್ಟಾದರೆ ಆಯಿತು.

ಖಾತೆ ತೆರೆದ ಮೇಲೆ ನಾನು ಮಾಡಿದ ತಪ್ಪು ಹೇಳುತ್ತೇನೆ. ದಯವಿಟ್ಟು ನೀವು ಅದನ್ನು ಮಾಡಬೇಡಿ.

ಬಂದ ಎರಡನೇ ವರ್ಷ ನನಗೆ ವಿಪರೀತ ಸುಸ್ತು. ಮಧ್ಯಾಹ್ನವಾದರೆ ಕಣ್ಣು ಎಳೆಯುತ್ತಿತ್ತು. ಕೂದಲು ಉದುರುತ್ತಿತ್ತು. ಮನೆಯೊಳಗೆ ಹೀಟರ್ ಹಾಕಿದ್ದರೂ ಮೈಮೇಲೆ ಎರಡು ಸ್ವೆಟರ್. ಘಟಪ್ರಭೆಯ ದಂಡೆಯ ಬಿರುಬಿಸಿಲಿನಲ್ಲಿ ಬೆಳೆದವಳು, ಚಳಿ ಜಾಸ್ತಿ ಆಗುವುದು ಸಹಜ ಅಂದುಕೊಂಡೆ. ಊರು ನೆನಪಾಗಿ ಮನಸ್ಸು ಭಾರವಾಗಿದೆ, ಅದಕ್ಕೇ ಮೈ ಹೀಗಾಗಿದೆ ಅಂದುಕೊಂಡೆ. ಅವ್ವನಿಗೂ ಫೋನಿನಲ್ಲಿ ಅದನ್ನೇ ಹೇಳಿದೆ. "ಇಲ್ಲಿಗಿ ಬಂದು ನಾಕು ದಿನಾ ಇದ್ದು ಹೋಗವಾ" ಅಂದಳು.

ವರ್ಷದ ತಪಾಸಣೆಗೆ ಹೋದಾಗ ರಕ್ತ ತೆಗೆದುಕೊಂಡರು. ರಿಪೋರ್ಟು ಪೋರ್ಟಲಿಗೆ ಬರುತ್ತದೆ ಎಂದು ಡಾಕ್ಟರು ಹೇಳಿದರು. ನಾನು ತಲೆಯಾಡಿಸಿ ಬಂದೆ. ಏನಾದರೂ ಕೆಟ್ಟದ್ದಿದ್ದರೆ ಅವರೇ ಫೋನ್ ಮಾಡುತ್ತಾರೆ ಎಂಬ ನಂಬಿಕೆ. ನಮ್ಮ ಓಣಿಯಲ್ಲಿ ಹಾಗೇ ಇತ್ತು. ದವಾಖಾನೆಯ ಕಂಪೌಂಡರ್ ಸಂಜೆ ಮನೆಗೆ ಹೋಗುವಾಗ ಸೈಕಲ್ ನಿಲ್ಲಿಸಿ, "ಡಾಕ್ಟರು ನಾಳಿಗೆ ಬರಾಕ ಹೇಳ್ಯಾರ್ರಿ" ಎಂದು ಹೇಳಿ ಹೋಗುತ್ತಿದ್ದ. ಇಲ್ಲಿ ಫೋನ್ ಬರಲಿಲ್ಲ, ಹಾಗಾದರೆ ಎಲ್ಲ ಸರಿಯಿದೆ ಎಂದು ಸುಮ್ನೆ ಇದ್ದೆ.

ಎಂಟು ತಿಂಗಳಾದ ಮೇಲೆ ಬೇರೆ ಯಾವುದೋ ಕಾರಣಕ್ಕೆ ಹೋದಾಗ ನರ್ಸ್ ಕೇಳಿದರು: ಥೈರಾಯ್ಡ್ ಗುಳಿಗೆ ಶುರು ಮಾಡಿದಿರಾ? ರಕ್ತದಲ್ಲಿ ಥೈರಾಯ್ಡ್ ಸ್ಥಿತಿ ತೋರಿಸುವ ಟಿಎಸ್‌ಎಚ್ 14 ಇತ್ತು. ಸಾಮಾನ್ಯವಾಗಿ ಅದು ಸುಮಾರು 4ರ ಒಳಗಿರಬೇಕು. ಡಾಕ್ಟರು ಮೂರು ಸಾಲಿನ ಸಂದೇಶ ಬರೆದಿದ್ದರು, ಔಷಧಿ ಅಂಗಡಿಗೆ ಚೀಟಿಯನ್ನೂ ಕಳಿಸಿದ್ದರು. ಎಂಟು ತಿಂಗಳು ಆ ಸಂದೇಶ ಹಾಗೇ ಬಿದ್ದಿತ್ತು. ಅಷ್ಟು ದಿನ ನಾನು ಅತ್ತಿದ್ದೆ, ಮಗಳ ಮೇಲೆ ರೇಗಿದ್ದೆ, ಕೆಲಸ ಬಿಟ್ಟು ಊರಿಗೆ ಹೋಗೋಣ ಎಂದು ಗಂಡನ ಜತೆ ಜಗಳವಾಡಿದ್ದೆ. ಗುಳಿಗೆ ಶುರುವಾಗಿ ಎರಡು ತಿಂಗಳಿಗೆ ಮೈ ಹಗುರಾಯಿತು. ಊರಿನ ನೆನಪು ಮಾತ್ರ ಅಷ್ಟೇ ಉಳಿಯಿತು. ಆಗ ಗೊತ್ತಾಯಿತು, ಅವೆರಡೂ ಬೇರೆ ಬೇರೆ ನೋವು ಎಂದು.

ಆದ್ದರಿಂದ ಪರೀಕ್ಷೆ ಮಾಡಿಸಿದ ವಾರದೊಳಗೆ ಪೋರ್ಟಲ್ ತೆರೆದು ನೋಡಿ. ಏನೂ ಬಂದಿಲ್ಲವೆಂದರೆ ಫೋನ್ ಮಾಡಿ ಕೇಳಿ. ಎದೆನೋವು, ಉಸಿರಾಟದ ತೊಂದರೆ ಇಂಥದ್ದಕ್ಕೆ ಪೋರ್ಟಲಿನಲ್ಲಿ ಸಂದೇಶ ಕಳಿಸಿ ಕಾಯಬೇಡಿ, ಇಲ್ಲಿಯ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ.

ಇದರ ಉಲ್ಟಾ ತಪ್ಪೂ ಆಗಿದೆ. ರೋಗಿಯ ಮಾಹಿತಿಯನ್ನು ತಡೆಹಿಡಿಯಬಾರದು ಎನ್ನುವ, 2016ರ ಕ್ಯೂರ್ಸ್ ಕಾಯ್ದೆಯ ನಿಯಮಗಳು 2021ರ ಏಪ್ರಿಲ್ 5ರಿಂದ ಜಾರಿಗೆ ಬಂದವು. ಅಲ್ಲಿಂದ ಈಚೆಗೆ ಬಹಳ ಕಡೆ ರಿಪೋರ್ಟು ತಯಾರಾದ ತಕ್ಷಣ ನಮಗೆ ಕಾಣುತ್ತದೆ, ಎಷ್ಟೋ ಸಲ ಡಾಕ್ಟರು ನೋಡುವ ಮೊದಲೇ. ಒಂದು ರಾತ್ರಿ ಕುತ್ತಿಗೆಯ ಸ್ಕ್ಯಾನ್ ರಿಪೋರ್ಟಿನಲ್ಲಿ ನಾಡ್ಯೂಲ್ ಎಂಬ ಪದ ಕಂಡು, ಅದರ ಫೋಟೋವನ್ನು ಮನೆಯವರ ವಾಟ್ಸ್ಯಾಪ್ ಗುಂಪಿಗೆ ಹಾಕಿಬಿಟ್ಟೆ. ವಿಜಯಪುರದ ಅತ್ತೆ ಅಳುತ್ತ ಫೋನ್ ಮಾಡಿದರು. ಅವ್ವ ಬಾದಾಮಿಯ ಬನಶಂಕರಿಗೆ ಹರಕೆ ಹೊತ್ತಳು. ಮರುದಿನ ಡಾಕ್ಟರು ಹೇಳಿದ್ದು, ಇಂಥ ಗಂಟು ಎಷ್ಟೋ ಜನರಿಗೆ ಇರುತ್ತದೆ, ಹೆಚ್ಚಿನವು ಕ್ಯಾನ್ಸರ್ ಅಲ್ಲ, ನಿಮ್ಮದೂ ಅಲ್ಲ ಎಂದು. ಅವ್ವ ಆ ಒಂದು ರಾತ್ರಿ ಪಟ್ಟ ಸಂಕಟವನ್ನು ನಾನು ವಾಪಸ್ ತೆಗೆದುಕೊಳ್ಳಲಾಗದು. ಸ್ಕ್ಯಾನಿಗೆ ಹೋಗುವಾಗಲೇ ಡಾಕ್ಟರನ್ನು ಕೇಳಿಕೊಳ್ಳಿ: ಏನೇನು ಬರಬಹುದು, ನೀವು ಯಾವಾಗ ಮಾತಾಡುತ್ತೀರಿ ಎಂದು. ಅಲ್ಲಿಯ ತನಕ ಊರಿಗೆ ಏನೂ ಕಳಿಸಬೇಡಿ.

ಅಪ್ಪ ತೀರಿಕೊಂಡ ಮೇಲೆ ಅವ್ವ ಆರು ತಿಂಗಳು ನಮ್ಮ ಮನೆಗೆ ಬಂದಿದ್ದಳು. ಕೈಚೀಲವನ್ನೂ ತಂದಿದ್ದಳು, ನಾನು ಬೇಡ ಅಂದಿದ್ದರೂ. ಅದರಲ್ಲಿದ್ದ ಗುಳಿಗೆಗಳ ಹೆಸರು ಇಲ್ಲಿಯ ಡಾಕ್ಟರಿಗೆ ಗೊತ್ತಾಗಲಿಲ್ಲ, ಎಲ್ಲ ಭಾರತದ ಬ್ರ್ಯಾಂಡು. ಗುಳಿಗೆಯ ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಔಷಧಿಯ ಮೂಲ ಹೆಸರು ಇರುತ್ತದೆ, ಅದರ ಫೋಟೋ ತೆಗೆದಿಡಿ. ಅದರಲ್ಲೂ ನಮ್ಮ ಪ್ಯಾರಾಸಿಟಮಾಲ್ ಇಲ್ಲಿ ಅಸಿಟಮಿನೋಫೆನ್. ಎರಡೂ ಬೇರೆ ಎಂದುಕೊಂಡು ಒಟ್ಟಿಗೆ ನುಂಗಿದರೆ ಲಿವರಿಗೆ ಅಪಾಯ.

ಮೊದಲ ಭೇಟಿಯಲ್ಲಿ ಡಾಕ್ಟರು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ. ನಿದ್ದೆ ಸರಿಯಿದೆ, ಊಟ ಸರಿಯಿದೆ, ಮೊಣಕಾಲು ನೋವು ಅಷ್ಟೇ. ಮನೆಗೆ ಬಂದು ಪೋರ್ಟಲಿನಲ್ಲಿ ಟಿಪ್ಪಣಿ ಓದಿದೆ. ಅಲ್ಲಿದ್ದ ಪ್ರತಿಯೊಂದು ಮಾತೂ ಮಗಳು ಹೇಳಿದ್ದು ಎಂದು ಬರೆದಿತ್ತು. ಅವ್ವನ ಮಾತು ಒಂದೂ ಇರಲಿಲ್ಲ. ಅದು ನನಗೆ ಚುಚ್ಚಿತು.

ಮುಂದಿನ ಸಲ ದುಭಾಷಿ ಬೇಕೆಂದು ಕೇಳಿದೆ. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಬಾರದವರಿಗೆ ದುಭಾಷಿಯನ್ನು ಉಚಿತವಾಗಿ ಒದಗಿಸಬೇಕು, ಕಾನೂನೇ ಇದೆ. ಮುಂಚೆಯೇ ಕನ್ನಡ ಎಂದು ಹೇಳಿಡಿ. ಫೋನಿನಲ್ಲಿ ಬಂದ ಹೆಣ್ಣುಮಗಳದು ಮೈಸೂರು ಕಡೆಯ ಕನ್ನಡ. ಅವ್ವ ಮೊದಲು ತಡೆತಡೆದು ಮಾತಾಡಿದಳು. ನಾನು ಹೊರಗೆ ಕೂತೆ. ನಲವತ್ತು ನಿಮಿಷ ಬಾಗಿಲು ತೆರೆಯಲಿಲ್ಲ.

ಆ ದಿನದ ಟಿಪ್ಪಣಿಯನ್ನು ಅವ್ವನನ್ನು ಕೇಳಿಯೇ ತೆರೆದೆ. ಗಂಡ ತೀರಿದ ಮೇಲೆ ರಾತ್ರಿ ಎರಡು ಗಂಟೆಗಿಂತ ಜಾಸ್ತಿ ನಿದ್ದೆಯಿಲ್ಲ, ಮಗಳು ಗಾಬರಿಯಾಗುತ್ತಾಳೆ ಎಂದು ಹೇಳಿಲ್ಲ. ಇಂಗ್ಲಿಷಿನಲ್ಲಿ ಎರಡು ಸಾಲು. ನನ್ನ ಅವ್ವನ ದುಃಖವನ್ನು ನಾನು ಇಂಗ್ಲಿಷಿನಲ್ಲಿ ಓದಿ ತಿಳಿದೆ. ನಿಮ್ಮ ತಂದೆತಾಯಿ ಬಂದರೆ ಅವರ ಹೆಸರಲ್ಲೇ ಬೇರೆ ಖಾತೆ ಮಾಡಿ. ನೀವು ನೋಡಬೇಕಾದರೆ ಅವರ ಒಪ್ಪಿಗೆ ಪಡೆದು ಪ್ರಾಕ್ಸಿ ಫಾರ್ಮ್ ತುಂಬಿಸಿ. ಪಾಸ್‌ವರ್ಡ್ ಇಸಿದುಕೊಂಡು ನೋಡಬೇಡಿ.

ಮಕ್ಕಳ ಖಾತೆಯೂ ಹೀಗೇ. 12, 13 ದಾಟುವ ಹೊತ್ತಿಗೆ ಬಹಳ ಕಡೆ ತಂದೆತಾಯಿಗೆ ಕಾಣುವುದು ಕಡಿಮೆಯಾಗುತ್ತದೆ, ವಯಸ್ಸು ರಾಜ್ಯಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಒಂದು ಬೆಳಿಗ್ಗೆ ಮಗಳ ಪುಟ ಅರ್ಧ ಮುಚ್ಚಿಹೋಗಿತ್ತು. ಹೆತ್ತವಳಿಗೇ ಬಾಗಿಲು ಹಾಕುತ್ತಾರಾ ಎಂದು ಸಿಟ್ಟು ಬಂತು. ಆದರೆ ಹೊರಗೆ ಕೂತಿದ್ದ ಆ ನಲವತ್ತು ನಿಮಿಷ ನೆನಪಾಯಿತು. ಸುಮ್ಮನಾದೆ.

ಹೋದ ತಿಂಗಳು ಅದೇ ಮಗಳು ಫಾರ್ಮ್ ತುಂಬುತ್ತ ಬಂದು ಕೇಳಿದಳು: ಮುತ್ತಜ್ಜಿ ಏನಾಗಿ ಸತ್ತಳು? ಮನೆತನದ ಕಾಯಿಲೆಗಳ ಕಾಲಂ ಅದು. ನನಗೆ ಗೊತ್ತಿರಲಿಲ್ಲ. ಬಾಗಲಕೋಟೆಗೆ ವಿಡಿಯೋ ಕಾಲ್ ಮಾಡಿದೆವು. ಅವ್ವ ಮೊಳೆಯಿಂದ ಚೀಲ ಇಳಿಸಿ, ಚೀಟಿಗಳನ್ನು ಒಂದೊಂದಾಗಿ ಕ್ಯಾಮರಾಕ್ಕೆ ಹಿಡಿದಳು. ನನ್ನ ತಮ್ಮ ಪಕ್ಕದಲ್ಲಿದ್ದ. ಅವನು ಈಗ ಅವ್ವನಿಗೆ ಭಾರತ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ 14 ಅಂಕಿಯ ಆಭಾ ಸಂಖ್ಯೆ ಮಾಡಿಸಿದ್ದಾನೆ, ಹೊಸ ರಿಪೋರ್ಟುಗಳನ್ನು ಅದಕ್ಕೆ ಜೋಡಿಸುತ್ತಾನೆ. ಹಳೆಯವನ್ನು ನಾವೇ ಫೋಟೋ ತೆಗೆದುಕೊಳ್ಳಬೇಕು. ನೀವೂ ಈ ಸಲ ಊರಿಗೆ ಹೋದಾಗ ಒಂದು ಮಧ್ಯಾಹ್ನ ಇದಕ್ಕೇ ಇಡಿ.

ಒಂದು ಚೀಟಿಯ ಮೇಲೆ ಹಳೇ ಊರಿನ ಡಾಕ್ಟರ ವಿಳಾಸವಿತ್ತು. ಆ ಓಣಿ ಈಗ ಆಲಮಟ್ಟಿಯ ಹಿನ್ನೀರಿನಲ್ಲಿದೆ. ಮುತ್ತಜ್ಜಿಯದು ಒಂದು ಚೀಟಿಯೂ ಸಿಗಲಿಲ್ಲ. "ಹೊಟ್ಟಿ ನೋವಂತಿದ್ಲು, ಅಷ್ಟ ಗೊತ್ತು" ಎಂದಳು ಅವ್ವ. ಮಗಳು ಅದನ್ನೇ ಇಂಗ್ಲಿಷಿನಲ್ಲಿ ಬರೆದುಕೊಂಡಳು.