ದುಂಡು ಕಲ್ಲಿನ ಊರಿನಲ್ಲಿ ಚೌಕ ವಜ್ರ

ನಮ್ಮ ಕೋಲಾರದ ಕಡೆ ವಜ್ರವೆಂದರೆ ದುಂಡು ಕಲ್ಲು. ಏಳು ಕಲ್ಲಿನ ಓಲೆ, ಏಳು ಕಲ್ಲಿನ ಮೂಗುತಿ, ಹೆಚ್ಚೆಂದರೆ ಒಂಟಿ ಕಲ್ಲಿನ ಉಂಗುರ. ಹಿಂಬದಿ ಮುಚ್ಚಿ ಕಟ್ಟುವ ಆ ಓಲೆಗಳನ್ನು ನಮ್ಮ ತಂದೆ ಮಾಡುತ್ತಿದ್ದರು, ನಾನೂ ಮಾಡುತ್ತಿದ್ದೇನೆ. ಹಳೆಯ ಗಿರಾಕಿಗಳು ಇಂದಿಗೂ ಅಂಗಡಿಗೆ ಬಂದು ‘ಬ್ಲೂ ಜಾಗರ್ ಇದೆಯೇ’ ಎಂದೇ ಕೇಳುತ್ತಾರೆ. ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೈನ್ ಗಣಿ ಮುಚ್ಚಿ ದಶಕಗಳೇ ಆದವು, ಹೆಸರು ಮಾತ್ರ ನಮ್ಮ ದೊಡ್ಡಪೇಟೆಯಲ್ಲಿ ಇನ್ನೂ ವ್ಯಾಪಾರ ಮಾಡುತ್ತಿದೆ. ಪಕ್ಕದ ಕೆಜಿಎಫ್ ಗಣಿಯೂ 2001ರಲ್ಲಿ ಬಾಗಿಲು ಹಾಕಿತು. ಆದರೂ ಹೊರಗಿನವರು ಬಂದರೆ ‘ಇದು ಇಲ್ಲಿನ ಚಿನ್ನವೇ?’ ಎಂದು ಕೇಳುವುದು ತಪ್ಪಿಲ್ಲ.

ಇಂಥ ಅಂಗಡಿಗೆ ಚೌಕ ವಜ್ರ ಕೇಳಿಕೊಂಡು ಬಂದವರು ಶ್ರೀನಿವಾಸಪುರದ ಕಡೆಯ ಮಾವಿನ ತೋಟದ ಮನೆಯವರು. ಮಗಳ ನಿಶ್ಚಿತಾರ್ಥಕ್ಕೆ ಉಂಗುರ ಆಗಬೇಕಿತ್ತು. ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸಿ, ‘ಅಂಕಲ್, ಅಷರ್ ಕಟ್, ಇದೇ ಬೇಕು’ ಎಂದಳು. ತಾಯಿ ಆ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, ‘ಇದೇನು ಆಚಾರ್ರೇ, ಹೊಳೆಯುವುದೇ ಇಲ್ಲವಲ್ಲ! ಇಷ್ಟು ದುಡ್ಡು ಕೊಟ್ಟು ಮಂಕು ಕಲ್ಲು ಹಾಕಿಕೊಳ್ಳುವುದೇ?’ ಎಂದರು.

ತಾಯಿಯ ಮಾತಿನಲ್ಲಿ ಅರ್ಧ ನಿಜವಿತ್ತು. ಆ ಅರ್ಧವನ್ನು ಮೊದಲೇ ಬಿಡಿಸಿ ಹೇಳದೆ ಕಲ್ಲು ತಂದು ಮುಂದಿಟ್ಟರೆ ತಾಯಿ ಮಗಳ ನಡುವೆ ಅಂಗಡಿಯಲ್ಲೇ ಪಂಚಾಯಿತಿ ಶುರುವಾಗುತ್ತದೆ. ದುಂಡು ಕಲ್ಲಿನ ಅಡಿಯಲ್ಲಿ ಸಣ್ಣ ಸಣ್ಣ ಮುಖಗಳು ಬೇರೆ ಬೇರೆ ದಿಕ್ಕಿಗೆ ತಿರುಗಿರುತ್ತವೆ. ಬೆಳಕನ್ನು ಪುಡಿ ಮಾಡಿ ಚೆಲ್ಲುವುದು ಅವುಗಳ ಕೆಲಸ. ಮಗಳು ಕೇಳಿದ ಅಷರ್ ಮೆಟ್ಟಿಲು ಕಟ್ಟಿನದು, ಅಂದರೆ ಮೆಟ್ಟಿಲಿನಂತೆ ಕತ್ತರಿಸಿದ ‘ಸ್ಟೆಪ್ ಕಟ್’. ಅದರಲ್ಲಿ ಮುಖಗಳು ಉದ್ದುದ್ದ, ಒಂದಕ್ಕೊಂದು ಸಮಾನಾಂತರ. ಇಲ್ಲಿ ಮಿನುಗು ಕಡಿಮೆ. ಕೈ ಅಲುಗಿದಾಗ ಒಂದು ಇಡೀ ಪಟ್ಟಿ ಬೆಳಗುತ್ತದೆ, ಪಕ್ಕದ್ದು ಕಪ್ಪಾಗುತ್ತದೆ. ‘ಅಮ್ಮ, ನಂದಿಯ ಭೋಗನಂದೀಶ್ವರ ದೇವಸ್ಥಾನದ ಕಲ್ಯಾಣಿ ನೋಡಿದ್ದೀರಲ್ಲ? ನಾಲ್ಕೂ ಕಡೆಯಿಂದ ಮೆಟ್ಟಿಲು ಇಳಿದು ನಡುವೆ ನೀರು. ಇದೂ ಹಾಗೆಯೇ, ಒಳಕ್ಕೆ ನೋಡುವ ಕಲ್ಲು’ ಎಂದೆ. ಅವರು ಒಪ್ಪಲಿಲ್ಲ, ಆದರೆ ಕುರ್ಚಿಯಲ್ಲಿ ಕುಳಿತರು. ನಮ್ಮ ವ್ಯಾಪಾರದಲ್ಲಿ ಅದೂ ಒಂದು ಹಂತ.

ಈ ಕಟ್ಟು 1902ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಜೋಸೆಫ್ ಅಷರ್ ರೂಪಿಸಿದ್ದು. 3,106 ಕ್ಯಾರೆಟ್‌ನ ಕಲಿನನ್ ವಜ್ರವನ್ನು 1908ರಲ್ಲಿ ಸೀಳಿದವರೂ ಅವರೇ. ಚೌಕದ ನಾಲ್ಕೂ ಮೂಲೆಗಳನ್ನು ಅಗಲವಾಗಿ ಕತ್ತರಿಸಿರುವುದರಿಂದ ಮೇಲಿನಿಂದ ಎಂಟು ಮೂಲೆಯ ಹಾಗೆ ಕಾಣುತ್ತದೆ. ಮೂಲೆ ಚೂಪಾಗಿದ್ದು ಒಳಗೆ ಚಿಕ್ಕ ಚಿಕ್ಕ ಮಿನುಗಿದ್ದರೆ ಅದು ಪ್ರಿನ್ಸೆಸ್ ಕಟ್, ಅದರ ಜಾತಿಯೇ ಬೇರೆ. ಇನ್ನೊಂದು ವಿಷಯ: ವಜ್ರ ಪರೀಕ್ಷಿಸಿ ದರ್ಜೆ ಕೊಡುವ ಜಿಐಎ ಸಂಸ್ಥೆಯ ವರದಿಯಲ್ಲಿ ‘ಅಷರ್’ ಎಂದು ಹುಡುಕಬೇಡಿ, ‘ಸ್ಕ್ವೇರ್ ಎಮರಾಲ್ಡ್ ಕಟ್’ ಎಂದು ಬರೆದಿರುತ್ತದೆ.

ದುಡ್ಡು ಎಲ್ಲಿಗೆ ಹೋಗಬೇಕು ಎಂಬುದನ್ನು ಕಲ್ಲು ನೋಡುವ ಮೊದಲೇ ತೀರ್ಮಾನಿಸಿದೆ. ದುಂಡು ಕಲ್ಲಿನಲ್ಲಿ ಸ್ವಚ್ಛತೆಯ ಎಸ್‌ಐ ದರ್ಜೆಯ, ಅಂದರೆ ಒಳಗೆ ಸಣ್ಣ ದೋಷವಿರುವ ಕಲ್ಲಿನ, ಕಲೆ ಮಿನುಗಿನಲ್ಲಿ ಅಡಗಿಹೋಗುತ್ತದೆ. ನಾನೇ ಎಷ್ಟೋ ಓಲೆಗಳಿಗೆ ಅಂಥ ಕಲ್ಲು ಕಟ್ಟಿದ್ದೇನೆ, ಗಿರಾಕಿಗೂ ಹೇಳಿಯೇ ಕಟ್ಟಿದ್ದೇನೆ. ಮೆಟ್ಟಿಲು ಕಟ್ಟಿನ ಟೇಬಲ್, ಅಂದರೆ ಮೇಲಿನ ಚಪ್ಪಟೆ ಮುಖ, ತೆರೆದ ಬಾಗಿಲು. ಒಳಗೆ ಒಂದು ಕರಿ ಚುಕ್ಕೆಯಿದ್ದರೆ ಅದು ಎದುರಿನ ಮುಖಗಳಲ್ಲಿ ಪ್ರತಿಬಿಂಬಿಸಿ ನಾಲ್ಕಾಗಿ ಕಾಣುವುದೂ ಉಂಟು. ನಮ್ಮ ಹಿರಿಯರು ರತ್ನಶಾಸ್ತ್ರದ ಲೆಕ್ಕದಲ್ಲಿ ಬಿಂದು, ರೇಖೆ, ಕಾಕಪಾದ (ಕಾಗೆಯ ಹೆಜ್ಜೆಯಂಥ ಗುರುತು) ಎಂದು ದೋಷ ಎಣಿಸುತ್ತಿದ್ದರು. ಕಾಕಪಾದವಿದ್ದರೆ ಮನೆಗೆ ಆಗಿಬರುವುದಿಲ್ಲ ಎಂಬ ಮಾತು ನನಗೆ ಬೇಕಿಲ್ಲ, ಆದರೆ ಹಾಗೆ ಹುಡುಕುವ ಕಣ್ಣು ಈ ಕಟ್ಟಿಗೆ ಬೇಕೇ ಬೇಕು. ಆದ್ದರಿಂದ ಎಸ್‌ಐಗಿಂತ ಸ್ವಚ್ಛವಾದ ವಿಎಸ್1 ದರ್ಜೆ ಅಥವಾ ಅದಕ್ಕಿಂತ ಮೇಲು ಎಂದು ಗೆರೆ ಎಳೆದೆ. ವಿಎಸ್2 ಆದರೆ ಕಲೆ ಅಂಚಿಗಿರಬೇಕು, ಟೇಬಲ್ ಅಡಿಯಲ್ಲಿ ಇರಕೂಡದು.

ಬಣ್ಣದಲ್ಲಿ ಮಾತ್ರ ಕೈ ಸಡಿಲಿಸಿದೆ. ಬಣ್ಣದ ದರ್ಜೆ ಡಿಯಿಂದ ಶುರು, ಡಿ ಅಂದರೆ ಬಣ್ಣವೇ ಇಲ್ಲದ್ದು, ಅಕ್ಷರ ಮುಂದೆ ಹೋದಷ್ಟೂ ಹಳದಿ ಛಾಯೆ ಹೆಚ್ಚು. ಬಿಳಿ ಚಿನ್ನ ಅಥವಾ ಪ್ಲಾಟಿನಂ ಆಗಿದ್ದರೆ ಜಿ, ಎಚ್‌ಗಿಂತ ಕೆಳಗೆ ಇಳಿಯುತ್ತಿರಲಿಲ್ಲ, ಏಕೆಂದರೆ ಮೆಟ್ಟಿಲು ಕಟ್ಟು ಹಳದಿ ಛಾಯೆಯನ್ನೂ ಮುಚ್ಚಿಡುವುದಿಲ್ಲ. ಈ ಮನೆಯವರಿಗೆ ಬೇಕಿದ್ದದ್ದು ಹಳದಿ ಚಿನ್ನ, 18 ಕ್ಯಾರೆಟ್. ಚಿನ್ನದ ಬಣ್ಣವೇ ಕಲ್ಲಿನೊಳಗೆ ಇಳಿಯುವಾಗ ಡಿ, ಇ ದರ್ಜೆಗೆ ಸುರಿಯುವ ಹಣ ವ್ಯರ್ಥ. ಐ ಸಾಕು ಎಂದೆ. ಅಲ್ಲಿ ಉಳಿದದ್ದನ್ನು ಸ್ವಚ್ಛತೆಗೆ ಹಾಕಿದೆ.

ತೂಕದ ವಿಷಯದಲ್ಲಿ ತಾಯಿಗೆ ‘ಒಂದು ಕ್ಯಾರೆಟ್’ ಎಂಬ ಮಾತು ತಲೆಯಲ್ಲಿ ಕುಳಿತಿತ್ತು. ನೆಂಟರಿಗೆ ಹೇಳಲು ಚೆನ್ನಾಗಿರುತ್ತದೆ, ನಿಜ. ಆದರೆ 1.00 ಮುಟ್ಟಿದೊಡನೆ ಕ್ಯಾರೆಟ್ಟಿನ ದರವೇ ಒಂದು ಮೆಟ್ಟಿಲು ಹಾರುತ್ತದೆ. 90 ಸೆಂಟಿನ (ನೂರು ಸೆಂಟು ಒಂದು ಕ್ಯಾರೆಟ್) ಆಸುಪಾಸಿನ ಕಲ್ಲಿಗೂ ಅದಕ್ಕೂ ಅಗಲದಲ್ಲಿರುವ ವ್ಯತ್ಯಾಸ ಕಣ್ಣಿಗೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಈ ಕಟ್ಟು ಆಳದಲ್ಲಿ ತೂಕ ಬಚ್ಚಿಟ್ಟುಕೊಳ್ಳುತ್ತದೆ. ಒಂದು ಕ್ಯಾರೆಟ್‌ನ ದುಂಡು ಕಲ್ಲು ಸುಮಾರು 6.4 ಮಿಲಿಮೀಟರ್ ಅಗಲ ಬಂದರೆ ಅಷರ್ ಸುಮಾರು 5.5 ಮಾತ್ರ. ಅದಕ್ಕೇ ಸೆಂಟಿನ ಮಾತು ಬದಿಗಿಟ್ಟು ಮಿಲಿಮೀಟರ್ ಕೇಳಿ ಎನ್ನುತ್ತೇನೆ.

ಬೆಂಗಳೂರಿನ ಅವೆನ್ಯೂ ರಸ್ತೆಯ ರಾಜಾ ಮಾರ್ಕೆಟ್ ಕಡೆ ಸೂರತ್ತಿನ ಮಾಲು ತರಿಸುವ ಪರಿಚಿತ ದಲ್ಲಾಳಿಯೊಬ್ಬರಿದ್ದಾರೆ. ಅವರು ಮುಂದಿಟ್ಟ ಪೊಟ್ಟಣಗಳಲ್ಲಿ ಎರಡು ಕಲ್ಲುಗಳು ಕಾಗದದ ಮೇಲೆ ಅವಳಿಗಳು: ಎರಡೂ 90 ಸೆಂಟಿನ ಮೇಲೆ, ಐ ಬಣ್ಣ, ವಿಎಸ್1, ಪಾಲಿಶ್ ಮತ್ತು ಸಿಮೆಟ್ರಿ ಎರಡೂ ಎಕ್ಸಲೆಂಟ್. ಜಿಐಎ ಕಟ್ಟಿನ ದರ್ಜೆ ಕೊಡುವುದು ದುಂಡು ಕಲ್ಲಿಗೆ ಮಾತ್ರ. ಚೌಕಕ್ಕೆ ಆ ಸಾಲೇ ಇರುವುದಿಲ್ಲ. ಅಂದರೆ ಮುಖ್ಯವಾದ ಪರೀಕ್ಷೆ ನಮ್ಮ ಕಣ್ಣಿಗೇ ಬಿಟ್ಟದ್ದು.

ಅಂಗಡಿಗಳ ಮೇಜಿನ ಮೇಲಿನ ದೀಪದಡಿ ಯಾವ ಕಲ್ಲಾದರೂ ಕುಣಿಯುತ್ತದೆ. ನಾನು ಚಿಮಟದಲ್ಲಿ ಕಲ್ಲು ಹಿಡಿದು ಕಿಟಕಿಯ ಬಳಿಗೆ ಹೋದೆ, ನೇರ ಬಿಸಿಲು ಬೀಳದ ಬೆಳಕಿಗೆ. ಮೊದಲನೆಯದನ್ನು ಟೇಬಲ್ ನನ್ನ ಕಡೆಗಿರುವಂತೆ ಹಿಡಿದರೆ ನಡುವೆ ಕಪ್ಪು. ಸ್ವಲ್ಪ ವಾಲಿಸಿದೆ, ಕಪ್ಪು ಸರಿಯಲಿಲ್ಲ. ಇನ್ನೂ ವಾಲಿಸಿದೆ, ಅಂಚಿನ ಒಂದು ಪಟ್ಟಿ ಬೆಳಗಿತು, ನಡು ಹಾಗೆಯೇ ಉಳಿಯಿತು. ವರದಿ ತಿರುಗಿಸಿ ನೋಡಿದರೆ ಆಳ ಅಗಲದ ಶೇ. 74. ಅಗಲವೂ ಅದೇ ಕಾರಣಕ್ಕೆ ಕಡಿಮೆ ಬಂದಿತ್ತು. ಎರಡನೆಯದರ ಆಳ ಶೇ. 66, ಟೇಬಲ್ ಶೇ. 60ರ ಒಳಗೆ. ಇದನ್ನು ಹಿಡಿದಾಗ ನಾಲ್ಕು ಮೂಲೆಗಳಿಂದ ಹೊರಟ ಗೆರೆಗಳು ನಡುವಿನ ತುದಿಯವರೆಗೆ ನೇರವಾಗಿ ಇಳಿದು ಸರಿಯಾಗಿ ಗುಣಿಸುವ ಚಿಹ್ನೆಯಾಗಿ ಕೂಡಿದವು. ಒಂದು ಗೆರೆಯೂ ಪಕ್ಕಕ್ಕೆ ಜಾರಿರಲಿಲ್ಲ. ವಾಲಿಸಿದಾಗ ಕಪ್ಪು ಬಿಳುಪು ಜಾಗ ಬದಲಿಸಿಕೊಂಡವು: ಎಡದ ಪಟ್ಟಿ ಆರಿದರೆ ಬಲದ್ದು ಹತ್ತುತ್ತಿತ್ತು. ಅನಂತರ ಕಲ್ಲನ್ನು ಬಿಲ್ಲಿನ ಮುದ್ರಿತ ಅಕ್ಷರಗಳ ಮೇಲೆ ಇಟ್ಟು ನೋಡಿದೆ. ಆಳ ಸಾಲದ ಕಲ್ಲಾದರೆ ನಡುವೆ ಅಕ್ಷರ ಇಣುಕುತ್ತದೆ, ಉಂಗುರಕ್ಕೆ ಕಟ್ಟಿದ ಮೇಲೆ ಅದೇ ಜಾಗದಲ್ಲಿ ಬೆರಳಿನ ಚರ್ಮ ಕಾಣುತ್ತದೆ. ಇಲ್ಲಿ ಏನೂ ಇಣುಕಲಿಲ್ಲ. ಆಳ 61ರಿಂದ 68ರ ನಡುವೆ ಇರಲಿ ಎಂಬುದು ನನ್ನ ಲೆಕ್ಕ, ಇನ್ನೊಬ್ಬರು ಬೇರೆ ಹೇಳಬಹುದು. ಸಂಖ್ಯೆ ಸರಿಯಿದ್ದೂ ಸತ್ತ ಕಲ್ಲುಗಳಿವೆ, ಆದ್ದರಿಂದ ಕಿಟಕಿಯನ್ನು ಬಿಡಬಾರದು.

ಉದ್ದ ಅಗಲಗಳ ಅನುಪಾತವನ್ನೂ ನೋಡಿದೆ. 1.03ರ ಒಳಗಿದ್ದರೆ ಕಣ್ಣಿಗೆ ಚೌಕ, 1.05 ದಾಟಿದರೆ ಆಯತದ ಅನುಮಾನ ಶುರು. ದಲ್ಲಾಳಿಗಳು ‘ಕೈಯಲ್ಲಿ ಗೊತ್ತಾಗುವುದಿಲ್ಲ’ ಎನ್ನುತ್ತಾರೆ, ಗೊತ್ತಾಗುತ್ತದೆ. ಹತ್ತು ಪಟ್ಟು ತೋರಿಸುವ ಲೂಪಿನಲ್ಲಿ ಕಲೆ ಇರುವ ಜಾಗ ಹುಡುಕಿ ವರದಿಯ ನಕ್ಷೆಗೆ ತಾಳೆ ನೋಡಿದೆ, ಗರ್ಡಲ್, ಅಂದರೆ ಕಲ್ಲಿನ ಸುತ್ತಂಚಿನ, ಮೇಲೆ ಲೇಸರಿನಲ್ಲಿ ಕೆತ್ತಿದ ವರದಿ ಸಂಖ್ಯೆ ಓದಿದೆ. ಹಾಗೆಯೇ ಕಲ್ಲನ್ನು ಓರೆ ಮಾಡಿ ಟೇಬಲ್ ಮೂಲಕ ಕೆಳಗಿನ ಗೆರೆಗಳನ್ನು ನೋಡಿದೆ. ವಜ್ರದಂತೆ ಕಾಣುವ ಬೇರೆ ಕಲ್ಲಾದ ಮಾಯ್ಸನೈಟ್ ಆಗಿದ್ದರೆ ಓರೆಯಲ್ಲಿ ಒಂದೊಂದು ಗೆರೆಯೂ ಎರಡಾಗಿ ಕಾಣುತ್ತದೆ. ಮೆಟ್ಟಿಲು ಕಟ್ಟಿನ ಉದ್ದ ಗೆರೆಗಳಲ್ಲಿ ಇದು ಬೇಗ ಸಿಕ್ಕಿಬೀಳುತ್ತದೆ. ವರದಿಯಲ್ಲಿ ಫ್ಲೋರೆಸೆನ್ಸ್, ಅಂದರೆ ನೇರಳಾತೀತ ಬೆಳಕಿಗೆ ಕಲ್ಲು ಹೊಳೆಯುವ ಗುಣ, ‘ಸ್ಟ್ರಾಂಗ್’ ಎಂದಿದ್ದರೆ ಬಿಸಿಲಿಗೂ ಒಯ್ದು ನೋಡುತ್ತೇನೆ. ಅಂಥ ಕೆಲವು ಕಲ್ಲುಗಳು ಬಿಸಿಲಿನಲ್ಲಿ ಹಾಲು ಬೆರೆತಂತೆ ಮಸುಕಾಗುತ್ತವೆ. ಇದಕ್ಕೆ ‘ನನ್’ (ಇಲ್ಲ) ಎಂದಿತ್ತು, ಆ ಕೆಲಸ ಉಳಿಯಿತು.

ಮಗಳು ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಬಗ್ಗೆಯೂ ಕೇಳಿದ್ದಳು. ಅದೂ ವಜ್ರವೇ, ಗಟ್ಟಿತನವೂ ಅಷ್ಟೇ, ಬೆಲೆ ಬಹಳ ಕಡಿಮೆ, ಮರಳಿ ಮಾರಲು ಹೋದರೆ ಸಿಗುವುದೂ ಕಡಿಮೆ. ಸಿವಿಡಿ, ಅಂದರೆ ಅನಿಲದಿಂದ ಪದರ ಪದರವಾಗಿ ಬೆಳೆಸಿದ, ಕಲ್ಲುಗಳಲ್ಲಿ ಕೆಲವಕ್ಕೆ ಕಂದು ಛಾಯೆ ಇರುತ್ತದೆ, ಚೌಕದಲ್ಲಿ ಅದು ಎದ್ದು ಕಾಣುತ್ತದೆ, ನೋಡಿ ಆರಿಸಬೇಕು ಎಂದೆ. ತಾಯಿಗೆ ಭೂಮಿಯಿಂದ ಬಂದದ್ದೇ ಬೇಕಿತ್ತು. ನಾನು ನಡುವೆ ಬಾಯಿ ಹಾಕಲಿಲ್ಲ.

ಕಲ್ಲು ಕೋಲಾರಕ್ಕೆ ಬಂದಮೇಲೆ ನಮ್ಮ ಕಡೆಯ ಪದ್ಧತಿಯಂತೆ ಮುಂಗಡ ತೆಗೆದುಕೊಂಡು ಅವರ ಮನೆಗೆ ಕೊಟ್ಟು ಕಳುಹಿಸಿದೆ. ವಜ್ರ ಆಗಿಬರುತ್ತದೆಯೋ ಇಲ್ಲವೋ ಎಂದು ಕೆಲವು ದಿನ ಮನೆಯಲ್ಲಿಟ್ಟು ನೋಡುವುದು ಹಳೆಯ ರೂಢಿ. ಶಕುನದ ಮಾತು ಅವರಿಗೆ. ನನಗೆ ಇದರಲ್ಲಿ ಬೇರೆ ಲಾಭವಿದೆ: ಅಂಗಡಿಯ ದೀಪ ಬಿಟ್ಟು ಅಡುಗೆಮನೆಯ ಟ್ಯೂಬ್‌ಲೈಟಿನಲ್ಲಿ, ತೋಟದ ನೆರಳಿನಲ್ಲಿ, ಸಂಜೆಯ ಬಲ್ಬಿನಲ್ಲಿ ಅವರೇ ನೋಡಿಕೊಂಡು ಬರುತ್ತಾರೆ. ಆಮೇಲೆ ತಕರಾರು ಬರುವುದಿಲ್ಲ. ಗರ್ಡಲ್ ಮೇಲೆ ಸಂಖ್ಯೆ ಇರುವುದರಿಂದ ಮರಳಿ ಬಂದದ್ದು ಅದೇ ಕಲ್ಲೇ ಎಂಬ ಚಿಂತೆಯೂ ನನಗಿಲ್ಲ. ತಾಯಿ ಮರಳಿ ತಂದಾಗ ಹೇಳಿದ್ದು ಇಷ್ಟೇ: ‘ದೇವರ ದೀಪದ ಮುಂದೆ ಚೆನ್ನಾಗಿದೆ ಆಚಾರ್ರೇ.’ ಅವರ ಎದುರಿಗೇ ತಕ್ಕಡಿಯಲ್ಲಿಟ್ಟು ತೂಕ ತೋರಿಸಿದೆ. ಬಿಡಿ ಕಲ್ಲಾಗಿರುವಾಗಲೇ ಇದು ಆಗಬೇಕು, ಕಟ್ಟಿದ ಮೇಲೆ ಯಾರ ಮಾತನ್ನಾದರೂ ನಂಬಬೇಕಾಗುತ್ತದೆ.

ಕಟ್ಟುವಾಗ ಹಿಂಬದಿ ಮುಚ್ಚುವ ನಮ್ಮ ಹಳೆಯ ಕ್ರಮವನ್ನು ಬಿಟ್ಟೆ. ಹಾಗೆ ಮುಚ್ಚಿದರೆ ಮೆಟ್ಟಿಲಿನೊಳಗೆ ಬೆಳಕಾಡುವುದಿಲ್ಲ. ಕತ್ತರಿಸಿದ ನಾಲ್ಕು ಮೂಲೆಗಳಿಗೆ ನಾಲ್ಕು ಚಪ್ಪಟೆ ಪ್ರಾಂಗ್ (ಕಲ್ಲು ಹಿಡಿಯುವ ಕೊಕ್ಕೆ) ಹಾಕಿದೆ, ಅಡಿ ತೆರೆದಿಟ್ಟೆ. ದುಂಡು ಕಲ್ಲನ್ನು ಹೇಗೆ ತಿರುಗಿಸಿ ಕೂರಿಸಿದರೂ ನಡೆಯುತ್ತದೆ. ಇದನ್ನು ಕೂದಲೆಳೆಯಷ್ಟು ಓರೆಯಾಗಿ ಕೂರಿಸಿದರೂ ಉಂಗುರದ ಪಟ್ಟಿಗೆ ಚೌಕದ ಬದಿ ಹೊಂದದೆ ಇಡೀ ಕೆಲಸ ಸೊಟ್ಟಗೆ ಕಾಣುತ್ತದೆ. ಪ್ರಾಂಗ್ ಒತ್ತುವ ಮುನ್ನ ಹಲವು ಬಾರಿ ಲೂಪಿನಲ್ಲಿ ನೋಡಿಕೊಂಡೆ. ಚಿನ್ನಕ್ಕೆ 18ಕೆ 750 ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಪ್ರತಿ ಒಡವೆಗೂ ಬೇರೆಯಾದ ಗುರುತು ಸಂಖ್ಯೆ) ಬಿತ್ತು. ಆ ಮುದ್ರೆ ಚಿನ್ನದ ಮಾತು ಮಾತ್ರ ಹೇಳುತ್ತದೆ, ಕಲ್ಲಿನ ಮಾತು ಹೇಳುವುದು ವರದಿ. ಆದ್ದರಿಂದ ಬಿಲ್ಲಿನಲ್ಲಿ ಚಿನ್ನದ ನಿವ್ವಳ ತೂಕ, ಕಲ್ಲಿನ ತೂಕ, ವರದಿ ಸಂಖ್ಯೆ, ಮಜೂರಿ ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆದುಕೊಟ್ಟೆ.

ಉಂಗುರ ಕೈಗೆ ಕೊಟ್ಟೊಡನೆ ತಾಯಿ ಅದಕ್ಕೆ ಅರಿಸಿನ ಕುಂಕುಮ ಇಟ್ಟರು. ವಜ್ರಕ್ಕೆ ಜಿಡ್ಡು ಬೇಗ ಅಂಟುತ್ತದೆ, ಅದರಲ್ಲೂ ಅಗಲ ಮುಖಗಳ ಈ ಕಟ್ಟಿನಲ್ಲಿ ಒಂದು ಬೆರಳಚ್ಚು ಬಿದ್ದರೂ ಕಲ್ಲು ಸೋತಂತೆ ಕಾಣುತ್ತದೆ. ಉಗುರು ಬೆಚ್ಚಗಿನ ನೀರಿಗೆ ಸ್ವಲ್ಪ ಸೋಪು ಅಥವಾ ಅಂಟುವಾಳ, ಮೆತ್ತನೆಯ ಹಲ್ಲುಜ್ಜುವ ಬ್ರಷ್, ಹಿಂಬದಿಯಿಂದ ಉಜ್ಜಿ, ಅಷ್ಟು ಸಾಕು ಎಂದು ಮಗಳಿಗೆ ಹೇಳಿದೆ. ತೊಳೆಯುವ ಮುನ್ನ ಸಿಂಕಿನ ತೂತು ಮುಚ್ಚಿಕೊಳ್ಳಬೇಕು ಎಂಬುದನ್ನು ತಾಯಿಯೇ ಸೇರಿಸಿದರು.