ವರ್ಜೀನಿಯಾದಲ್ಲಿ ಜಿಂಕೆ ಬೇಟೆಗೆ ಹೊರಡುವ ಮುನ್ನ ಸೀಸೆಯ ಲೇಬಲ್ ಓದಿ

ಪರವಾನಗಿ ಮತ್ತು ತರಬೇತಿಯ ವಿಷಯವನ್ನು ಅಮೆರಿಕದ ಈ ರಾಜ್ಯಕ್ಕೆ ಬಂದ ನಮ್ಮವರು ಮೊದಲೇ ವಿಚಾರಿಸಿಕೊಂಡಿರುತ್ತಾರೆ. ಅವರು ಎಡವುವುದು ವಾಸನೆಯ ವಿಷಯದಲ್ಲಿ. ಕಳೆದ ನವೆಂಬರಿನಲ್ಲಿ ಜೊತೆಗೆ ಬಂದಿದ್ದ ಹೊಸಬರೊಬ್ಬರ ಚೀಲದಲ್ಲಿ, ಹಿಂದೊಮ್ಮೆ ನಾನೇ ಕೊಂಡಿದ್ದಂಥ ಪುಟ್ಟ ಸೀಸೆಯನ್ನು ಕಂಡಾಗ ಇದನ್ನು ಬರೆಯಲೇಬೇಕೆನ್ನಿಸಿತು.

ಗಂಡು ಜಿಂಕೆಯನ್ನು ಸೆಳೆಯಲೆಂದು ಹೆಣ್ಣು ಜಿಂಕೆಯ ಮೂತ್ರವನ್ನು ಸೀಸೆಯಲ್ಲಿ ತುಂಬಿಸಿ ಮಾರುತ್ತಾರೆ. ವರ್ಜೀನಿಯಾದಲ್ಲಿ 2015ರ ಜುಲೈನಿಂದ ಅದನ್ನು ಬಳಸುವುದಷ್ಟೇ ಅಲ್ಲ, ಬೇಟೆಯ ಹೊತ್ತಿನಲ್ಲಿ ಜೇಬಿನಲ್ಲಿಟ್ಟುಕೊಂಡಿರುವುದೂ ಕಾನೂನುಬಾಹಿರ. ಜಿಂಕೆಗಳನ್ನು ಸೊರಗಿಸಿ ಕೊಲ್ಲುವ, ಮದ್ದೇ ಇಲ್ಲದ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ರೋಗವನ್ನು ಹರಡುವ ಪ್ರಿಯಾನ್ ಎಂಬ ವಿಕೃತ ಪ್ರೋಟೀನ್‌ಗಳು ಮೂತ್ರ, ಜೊಲ್ಲು, ಹಿಕ್ಕೆಗಳ ಮೂಲಕ ಮಣ್ಣಿಗೆ ಸೇರಿ ವರ್ಷಗಟ್ಟಲೆ ಅಲ್ಲೇ ಉಳಿಯುತ್ತವೆ. ನಾನು ಸೀಸೆಯನ್ನು ಕೊಂಡದ್ದು ಬೇರೆ ರಾಜ್ಯದಲ್ಲಿ. ಅಂಗಡಿಯಲ್ಲಿ ಸಿಗುವುದೆಲ್ಲ ಎಲ್ಲೆಡೆಯೂ ಸಲ್ಲುತ್ತದೆ ಎಂದೇ ನಂಬಿದ್ದೆ. ಕಾಡಿನಂಚಿಗೆ ತಲುಪುವಷ್ಟರಲ್ಲಿ ಮುಚ್ಚಳ ಸಡಿಲಗೊಂಡು ಜಾಕೆಟ್ಟಿನ ಜೇಬು ನೆನೆದು, ಹಳದಿ ಕಲೆ ಅಸ್ತರಿನವರೆಗೂ ಇಳಿದಿತ್ತು. ಪಕ್ಕದಲ್ಲಿ ಟ್ರಕ್ ನಿಲ್ಲಿಸಿದ್ದ ಹಿರಿಯ ಬೇಟೆಗಾರರೊಬ್ಬರು ಲೇಬಲ್ ಓದಿ, ಇದರೊಂದಿಗೆ ಒಳಗೆ ಹೋಗಬೇಡಿ ಎಂದರು. ಎರಡು ಗಂಟೆಯ ದಾರಿ ವಾಪಸು ಬಂದೆ; ಸೀಸೆಗೆ, ಜಾಕೆಟ್ಟಿಗೆ ತೆತ್ತ ಹಣವೂ ಹೋಯಿತು, ರಜೆಯೂ ಹೋಯಿತು. ಸಿಂಥೆಟಿಕ್ (ಕೃತಕ) ಎಂದು ಸ್ಪಷ್ಟವಾಗಿ ಬರೆದಿರದ ಸೀಸೆಯನ್ನು ದಯವಿಟ್ಟು ಮುಟ್ಟಬೇಡಿ.

ನನ್ನ ಅನುಭವದಲ್ಲಿ ಸೀಸೆಗಿಂತ ಗಾಳಿಯೇ ಮುಖ್ಯ. ನಿಮ್ಮ ವಾಸನೆ ಜಿಂಕೆಯತ್ತ ಹೋಗದಿರಲು ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ ಕೂರಿ. ಬೆಟ್ಟದ ಇಳಿಜಾರಿನಲ್ಲಿ ಬಿಸಿಲೇರಿದಂತೆ ಗಾಳಿ ಮೇಲಕ್ಕೂ, ಸಂಜೆ ತಂಪಾದಂತೆ ಕೆಳಕ್ಕೂ ಹರಿಯುತ್ತದೆ ಎಂಬುದು ನೆನಪಿರಲಿ. ಬೇಟೆಯ ಬಟ್ಟೆಯನ್ನು ಅಡುಗೆಮನೆಯ ಹತ್ತಿರ ತೂಗುಹಾಕಬೇಡಿ. ಒಗ್ಗರಣೆಯ ಹೊಗೆ ಉಣ್ಣೆಗೆ ಹಿಡಿದರೆ ಸುಲಭವಾಗಿ ಬಿಡುವುದಿಲ್ಲ.

ಮೈಗೆ ತಾಗುವ ಒಳಉಡುಪು ಹತ್ತಿಯದಾಗಿರಬಾರದು, ಏಕೆಂದರೆ ಬೆವರಿಗೆ ನೆನೆದ ಹತ್ತಿ ಬೇಗ ಆರದೆ ಮೈಯನ್ನು ಕೊರೆಯುತ್ತದೆ. ಬಂದೂಕಿನ ಬೇಟೆಯ ಋತುವಿನಲ್ಲಿ ವರ್ಜೀನಿಯಾದಲ್ಲಿ ಉಳಿದ ಬೇಟೆಗಾರರಿಗೆ ಎಲ್ಲ ದಿಕ್ಕಿನಿಂದಲೂ ಕಾಣುವ ಹೊಳಪು ಕಿತ್ತಳೆ ಅಥವಾ ಗುಲಾಬಿ ಟೋಪಿಯೊಂದಿದ್ದರೂ ನಿಯಮ ಪಾಲಿಸಿದಂತಾಗುತ್ತದೆ. ಪೆನ್ಸಿಲ್ವೇನಿಯಾದಲ್ಲಿ ತಲೆ, ಎದೆ, ಬೆನ್ನು ಸೇರಿ 250 ಚದರ ಇಂಚು ಕಿತ್ತಳೆ ಬೇಕು. ಜೀವದ ಪ್ರಶ್ನೆಯಾದ್ದರಿಂದ ಪೆನ್ಸಿಲ್ವೇನಿಯಾದ ಕ್ರಮವೇ ಮೇಲೆಂದು ನಾನು ಭಾವಿಸುತ್ತೇನೆ, ವರ್ಜೀನಿಯಾದಲ್ಲೂ ಹಾಗೆಯೇ ಉಡುತ್ತೇನೆ. ಜಿಂಕೆಯ ಕಣ್ಣಿಗೆ ಕಿತ್ತಳೆ ಬಣ್ಣ ನಮಗೆ ಕಂಡಷ್ಟು ಎದ್ದು ಕಾಣುವುದಿಲ್ಲ.

ಊಟಕ್ಕೆ ಮಸಾಲೆಯ ಘಾಟಿಲ್ಲದ್ದನ್ನು, ಸದ್ದು ಮಾಡದ ಬಟ್ಟೆಯ ಚೀಲದಲ್ಲಿ ಒಯ್ಯಿರಿ. ಆಹಾರವಿಟ್ಟು ಜಿಂಕೆಯನ್ನು ಸೆಳೆದು ಬೇಟೆಯಾಡುವುದು ವರ್ಜೀನಿಯಾದಲ್ಲಿ ಅಪರಾಧವಾದ್ದರಿಂದ, ತಿಂದುಳಿದ ಸೇಬಿನ ದಿಂಡನ್ನೂ ಚೀಲದಲ್ಲೇ ವಾಪಸು ತನ್ನಿ.